ವಲೀಲಿಯಲ್ಲಿ ಕುಡಿದ ಹಾಲು

ಮದುವೆಗೆ ಹನ್ನೆರಡು ದಿನ ಉಳಿದಿರುವಾಗ ಕೆಂಜಾ ಬಾಯಿ ತೆರೆದಳು. ಈಕೆ ಮದುಮಗ ಜವಾದನ ಸೋದರತ್ತೆ. ಇಪ್ಪತ್ತಾರು ವರ್ಷ ಮುಚ್ಚಿಕೊಂಡಿದ್ದ ಬಾಯಿ ಇನ್ನು ಹನ್ನೆರಡು ದಿನ ಮುಚ್ಚಿಕೊಂಡಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಕೆಲವರಿಗೆ ಹಳೆಯದೆಲ್ಲ ನೆನಪಾಗುವುದೇ ಇನ್ನೊಬ್ಬರ ಮನೆಯಲ್ಲಿ ಶುಭಕಾರ್ಯ ಎಂದಾಗ.

ಫೆಸ್ ನಗರದ ಆ ಓಣಿಯ ಹೆಂಗಸರೆಲ್ಲ ಮದುಮಗಳು ಮೆನ್ನಾನಾಳ ಮನೆಯಲ್ಲಿ ಕೂತು ಬಾದಾಮಿ ಸಿಪ್ಪೆ ಬಿಡಿಸುತ್ತಿದ್ದರು. ಕೆಂಜಾ ಒಂದು ಬಾದಾಮಿ ಬಾಯಿಗೆ ಹಾಕಿಕೊಂಡು, "ಈ ಹುಡುಗಿ ನಮ್ಮ ಬತೂಲ್ ಎದೆಹಾಲು ಕುಡಿದವಳಲ್ವಾ?" ಎಂದಳು. "ವಲೀಲಿಗೆ ಹೋಗಿದ್ವಲ್ಲ ಆವತ್ತು. ಹಾಳು ಕಂಬಗಳ ಹತ್ರ ಬತೂಲ್ ತಲೆಯಿಂದ ಕಾಲಿನ ತನಕ ಹಾಯಿಕ್ ಹೊದ್ದು ಕೂತಿದ್ಲು, ಒಳಗೆ ಈ ಮಗು. ಕೆಂಪು ಅಂಚಿನ ಹಾಯಿಕ್, ನಾನೇ ಕೊಡಿಸಿದ್ದು. ಕಣ್ಣಾರೆ ನೋಡಿದೀನಿ."

ಬಾದಾಮಿ ಸುಲಿಯುವ ಕೈಗಳೆಲ್ಲ ನಿಂತವು. ಬತೂಲ್ ಎಂದರೆ ಜವಾದನ ತಾಯಿ. ಅವಳು ತೀರಿಕೊಂಡು ಐದು ವರ್ಷವಾಗಿತ್ತು. ಧರ್ಮದ ಲೆಕ್ಕದಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರಷ್ಟೇ ಹತ್ತಿರ, ಅವರಲ್ಲಿ ಮದುವೆಯ ಮಾತೇ ಇಲ್ಲ. ಒಂದು ಗುಟುಕಾದರೂ ಅಷ್ಟೆ, ಹೊಟ್ಟೆ ತುಂಬ ಆದರೂ ಅಷ್ಟೆ. ಮಸೀದಿಯ ಇಮಾಮರು ಮೆನ್ನಾನಾ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. "ಅನುಮಾನ ಇಟ್ಕೊಂಡು ನಾನು ಒಪ್ಪಿಗೆ ಹೇಳೋಕಾಗಲ್ಲ ಮಗಳೇ. ಕಂಡವರು ಬೇರೆ ಯಾರಾದ್ರೂ ಇದ್ರೆ ಶುಕ್ರವಾರದ ನಮಾಜಿನೊಳಗೆ ಕರ್ಕೊಂಡು ಬಾ" ಎಂದರು.

ಕಂಡವರು ಇನ್ಯಾರು? ಮೆನ್ನಾನಾಳ ತಾಯಿ ಆ ದಿನ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಮಗಳು ವಾಸಿಯಾಗಲೆಂದು ಝೆರ್ಹೂನಿನ ದರ್ಗಾದಲ್ಲಿ ಬೇಡಿಕೊಳ್ಳಲು ಅಜ್ಜಿ ಬಹಿಯಾ ಮೊಮ್ಮಗಳನ್ನು ಎತ್ತಿಕೊಂಡು ನೆರೆಯವರಾದ ಬತೂಲ್, ಕೆಂಜಾರ ಜೊತೆ ವ್ಯಾನು ಹತ್ತಿದ್ದಳು. ಹಾಗಾಗಿ ಉಳಿದವಳು ಅಜ್ಜಿ ಒಬ್ಬಳೇ. ಅಜ್ಜಿಯ ನೆನಪೋ, ಜರಡಿಯಲ್ಲಿ ನೀರು ಹಿಡಿದ ಹಾಗೆ. ಸೋಮವಾರ ಕೇಳಿದರೆ "ಬತೂಲೇ ಕೊಟ್ಲು" ಎಂದಳು. ಮಂಗಳವಾರ "ಯಾವಳೋ ಬೆಟ್ಟದವಳು" ಎಂದಳು. ಬುಧವಾರ "ಯಾವ ಮಗು?" ಎಂದು ಕೇಳಿದಳು.

ಬುಧವಾರ ಸಂಜೆ ಜವಾದನ ಫೋನು ಬಂತು. ಅವನು ಗೋಡೆಗೆ ಕೂರಿಸುವ ಬಣ್ಣದ ಹೆಂಚಿನ ಚೂರುಗಳನ್ನು ಕೆತ್ತುವ ಕೆಲಸಗಾರ. ನಾಲ್ಕು ಮಾತು ಬೇಕಾದಲ್ಲಿ ಒಂದು ಆಡುವವನು.

"ನಿನ್ನನ್ನ ತಂಗಿ ಅಂತ ಕರೀಬೇಕಾಗಿ ಬಂದ್ರೆ ನಾನು ಈ ಊರಲ್ಲಿರಲ್ಲ" ಎಂದ.

"ಇನ್ನೂ ಎರಡು ದಿನ ಇದೆ" ಎಂದಳು ಮೆನ್ನಾನಾ. ಧೈರ್ಯ ಹೇಳಿದ್ದು ಅವನಿಗೆ, ಬೇಕಾಗಿದ್ದದ್ದು ತನಗೆ.

ಕಳೆದುಕೊಂಡದ್ದನ್ನು ಕಳೆದ ಜಾಗದಲ್ಲೇ ಹುಡುಕಬೇಕು ಎಂದು ಅಜ್ಜಿಯೇ ಸೂಜಿ ಬಿದ್ದಾಗಲೆಲ್ಲ ಹೇಳುತ್ತಿದ್ದಳು. ಗುರುವಾರ ಬೆಳಿಗ್ಗೆ ಮೆನ್ನಾನಾ ಅಜ್ಜಿಗೆ ಜಲ್ಲಾಬಾ ತೊಡಿಸಿ, ಕೈ ಹಿಡಿದು, ಪ್ರವಾಸಿಗರನ್ನು ಒಯ್ಯುವ ಕಾರುಗಳು ನಿಲ್ಲುವಲ್ಲಿಗೆ ಬಂದಳು. ಒಂದು ದಿನಕ್ಕೆ ಒಂದು ಕಾರು, ಹಳೆಯ ದಾರಿಯಲ್ಲೇ: ಮೆಕ್ನೆಸ್, ವಲೀಲಿ, ಝೆರ್ಹೂನ್. ಡ್ರೈವರ್ ಝೆರ್ಹೂನಿನವನೇ ಆಗಬೇಕು ಎಂದಳು. ಆ ಕಡೆಯ ಹಳಬರ ಗುರುತು ಇರುವವನು ಸಿಕ್ಕಿದರೆ ಕೆಲಸ ಹಗುರ ಎಂಬುದು ಅವಳ ಲೆಕ್ಕ.

ಸಿಕ್ಕಿದವನು ಸುಫಿಯಾನ್. ಅವಳದೇ ವಯಸ್ಸಿನವನು, ನಾಲಿಗೆಗೆ ಬ್ರೇಕ್ ಇಲ್ಲದವನು.

"ಕಾಸಾಬ್ಲಾಂಕಾದೋರಾ ಮೇಡಂ?"

"ಎರಡು ಓಣಿ ಆಚೆಯೋರು."

"ಫೆಸ್‌ನೋರು ಬಾಡಿಗೆ ಕಾರಲ್ಲಿ ವಲೀಲಿ ನೋಡೋಕೆ ಹೋಗ್ತೀರಾ! ನಾವು ಆ ಕಲ್ಲುಗಳ ಮೇಲೆ ಕೂತು ಸೂರ್ಯಕಾಂತಿ ಬೀಜ ತಿಂದು ಬೆಳೆದೋರು. ಅಲ್ಲಿ ನೋಡೋಕೆ ಏನಾದ್ರೂ ಇದೆ ಅಂತ ನಮಗೆ ಹೇಳಿಕೊಟ್ಟಿದ್ದೇ ಪರದೇಶದೋರು. ಮದುವೆ ಆಗಿದೆಯಾ?"

"ಆಗ್ತಾ ಇದೆ" ಎಂದಳು ಮೆನ್ನಾನಾ. ಕಿಟಕಿಯ ಕಡೆ ತಿರುಗಿಕೊಂಡಳು.

"ಪುಣ್ಯವಂತರು. ನಂದು ನೋಡಿ, ಆಗೋ ಲಕ್ಷಣವೇ ಇಲ್ಲ. ಫೆಸ್ ಹುಡುಗಿ ಬೇಡ ಅಂತಾಳೆ ನಮ್ಮವ್ವ. ಬೇಕೇ ಬೇಕು ಅಂದ್ರೆ ಮೊದಲು ಅವಳಜ್ಜಿಗೆ ಕಸೂತಿ ಬರುತ್ತಾ ಕೇಳ್ಕೊಂಡು ಬಾ, ಬರುತ್ತೆ ಅಂದ್ರೆ ಅಲ್ಲಿಂದ ಎದ್ದು ಓಡಿಬಾ ಅಂತಾಳೆ. ಫೆಸ್‌ನಲ್ಲಿ ಕಸೂತಿ ಬರದ ಅಜ್ಜಿ ಎಲ್ಲಿದ್ದಾಳೆ ಹೇಳಿ. ಎಂಥ ತಲೆಕೆಟ್ಟ ಷರತ್ತು."

ಇನ್ನೊಂದು ದಿನವಾಗಿದ್ದರೆ ಮೆನ್ನಾನಾ ನಕ್ಕುಬಿಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತಿದ್ದ ಅಜ್ಜಿ ಮಾತ್ರ ಕಿಲಕಿಲ ನಕ್ಕಳು. ಅವಳಿಗೆ ಯಾರು ಏನು ಹೇಳಿದರೂ ನಗು ಬರುವ ಕಾಲ ಅದು.

ಮೆಕ್ನೆಸ್‌ನ ದೊಡ್ಡ ಕೋಟೆಬಾಗಿಲಿನ ಎದುರಿಗೆ ಇಳಿದರು. ಅಜ್ಜಿ ಆ ಬಾಗಿಲ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚೌಕ ದಾಟಿ, ಆಲಿವ್ ಕಾಯಿ ಗೋಪುರದಂತೆ ಒಟ್ಟಿರುವ ಅಂಗಡಿ ಸಾಲಿಗೆ ನೇರವಾಗಿ ಹೋಗಿ ನಿಂತಳು. ಮೂಗು ಅರಳಿಸಿದಳು. ಉಪ್ಪಿನಲ್ಲಿ ನೆನೆದ ನಿಂಬೆಯ ಹುಳಿ ವಾಸನೆ.

"ಇಲ್ಲೇ ಹಾಲು ಒಡೆದದ್ದು" ಎಂದಳು.

"ಯಾವ ಹಾಲು ಅಜ್ಜಿ?"

"ಬಾಟ್ಲಿ ಹಾಲು ಕಣೆ. ಆಲಿವ್ ಕೊಳ್ತಾ ನಿಂತ್ಬಿಟ್ಟೆ, ಬಾಟ್ಲಿ ಬಿಸಿಲಲ್ಲಿತ್ತು. ಒಡೆದು ಮೊಸರಾಯ್ತು. ಮಗು ವಲೀಲಿ ತನಕ ಅತ್ತಿದ್ದೇ ಅತ್ತಿದ್ದು." ಅಜ್ಜಿಯ ಕಣ್ಣಲ್ಲಿ ಇಪ್ಪತ್ತಾರು ವರ್ಷ ಹಳೆಯ ತಪ್ಪಿಗೆ ಈಗ ನೀರು ಬಂತು.

ಮೆನ್ನಾನಾ ಅವಳ ಕೆನ್ನೆ ಒರೆಸಿದಳು. ಒಳಗೊಳಗೇ ಹಿಗ್ಗು, ಹಿಗ್ಗಿನ ಬೆನ್ನಿಗೇ ಭಯ. ಅಜ್ಜಿಗೆ ನೆನಪು ಬರುತ್ತಿದೆ, ಸರಿ. ಆದರೆ ಬರುವ ನೆನಪು ಕೆಂಜಾಳ ಮಾತನ್ನೇ ನಿಜ ಮಾಡಿದರೆ? ತಾನೇ ದುಡ್ಡು ಕೊಟ್ಟು ಕಾರು ಮಾಡಿಕೊಂಡು ತನ್ನ ಮದುವೆ ಮುರಿಯಲು ಹೊರಟ ಹಾಗಾಗುತ್ತದೆ.

ವಲೀಲಿಯಲ್ಲಿ ಬಿಸಿಲು ಏರಿತ್ತು. ಕಂಬಗಳ ತುದಿಯಲ್ಲಿ ಕೊಕ್ಕರೆಗಳು ಗೂಡು ಕಟ್ಟಿ ಸಂಸಾರ ಮಾಡುತ್ತಿದ್ದವು. ರೋಮನರು ಹೋಗಿ ಎಷ್ಟೋ ಕಾಲವಾಯಿತು, ಕೊಕ್ಕರೆಗಳು ಮಾತ್ರ ಮನೆ ಖಾಲಿ ಮಾಡಿಲ್ಲ. ಅಜ್ಜಿ ಮೆಲ್ಲಗೆ ನಡೆದು, ಚಾವಣಿ ಇಲ್ಲದ ಒಂದು ಮನೆಯ ನೆಲದ ಮುಂದೆ ನಿಂತಳು. ನೆಲದಲ್ಲಿ ಕಲ್ಲಿನ ಚೂರುಗಳಿಂದ ಮಾಡಿದ ಚಿತ್ರವಿತ್ತು. ಧೂಳು ಕೂತು ಎಲ್ಲ ಬೂದಿ ಬಣ್ಣವಾಗಿತ್ತು.

"ಕೊಳಕು ಮಾಡಿಟ್ಟಿದಾರೆ. ಆವತ್ತು ಎಷ್ಟು ಹೊಳೀತಿತ್ತು" ಎಂದಳು ಅಜ್ಜಿ. ಯಾರಾದರೂ ತಡೆಯುವುದರೊಳಗೆ ಮೆನ್ನಾನಾಳ ಕೈಯಿಂದ ನೀರಿನ ಬಾಟಲಿ ಕಿತ್ತು ಹಗ್ಗದಾಚೆಗೆ ಸುರಿದೇಬಿಟ್ಟಳು.

ನೀರು ಹರಿದಲ್ಲೆಲ್ಲ ಬಣ್ಣ ಎದ್ದಿತು. ಕೆಂಪು, ಹಳದಿ, ಒಂದು ಮೀನಿನ ನೀಲಿ ಬೆನ್ನು. ದೂರದಿಂದ ಕಾವಲುಗಾರ ಸೀಟಿ ಊದಿದ.

"ಅಯ್ಯೋ ಅಜ್ಜಿ, ಅದು ಹಳೇ ಕಾಲ. ಈಗ ನೀರು ಹಾಕಿದ್ರೆ ದಂಡ ಹಾಕ್ತಾರೆ" ಎಂದು ಸುಫಿಯಾನ್ ಓಡಿಬಂದ. ಕಾವಲುಗಾರನಿಗೆ ಕೈಯಾಡಿಸಿ, "ನಮ್ಮೋರೇ ಕಣೋ, ವಯಸ್ಸಾಗಿದೆ" ಎಂದು ಕೂಗಿದ.

ಅಜ್ಜಿ ಮೀನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಅವಳ ಮೈಯೆಲ್ಲ ಒದ್ದೆ. ಬಿಂದಿಗೆ ಹೊತ್ತು ಹೊತ್ತು ಒದ್ದೆ. ಅವಳಿಗೆ ನನ್ನ ಕರವಸ್ತ್ರ ಕೊಟ್ಟೆ ನಾನು" ಎಂದಳು.

"ಯಾರಿಗೆ ಅಜ್ಜಿ? ಬತೂಲ್‌ಗಾ?"

ಅಜ್ಜಿ ಬಾಯಿ ತೆರೆದಳು. ಹೆಸರು ತುಟಿಯ ತನಕ ಬಂದು ಹಿಂದೆ ಸರಿಯಿತು. "ಬಿಸಿಲು ಜಾಸ್ತಿ, ಮನೆಗೆ ಹೋಗೋಣ" ಎಂದಳು.

ಮೆನ್ನಾನಾಳಿಗೆ ತಡೆಯಲಾಗಲಿಲ್ಲ. ಅಲ್ಲೇ ಒಂದು ಮುರಿದ ಕಂಬದ ಬುಡದಲ್ಲಿ ಕೂತು ಅಳತೊಡಗಿದಳು. ಸುಫಿಯಾನ್ ಬಂದು ಎದುರಿಗೆ ಕೂತ. ಅವಳು ಎಲ್ಲವನ್ನೂ ಅವನಿಗೆ ಹೇಳಿದಳು: ಕೆಂಜಾಳ ಮಾತು, ಕೆಂಪು ಅಂಚಿನ ಹಾಯಿಕ್, ನಾಳೆಯ ಗಡುವು. ಅಪರಿಚಿತನಿಗೆ ಇಷ್ಟೆಲ್ಲ ಹೇಳುತ್ತಿದ್ದೇನಲ್ಲ ಎಂದು ನಡುವೆ ಒಮ್ಮೆ ಅನ್ನಿಸಿತು, ಆದರೂ ನಿಲ್ಲಿಸಲಿಲ್ಲ.

ಸುಫಿಯಾನ್ ತಲೆ ಕೆರೆದುಕೊಂಡ. "ನಮ್ಮಪ್ಪ ಇಲ್ಲಿ ಮೂವತ್ತು ವರ್ಷ ಕಾವಲುಗಾರ. ಬಂದೋರಿಗೆ ಬಣ್ಣ ತೋರಿಸೋಕೆ ಈ ನೆಲಕ್ಕೆ ನೀರು ಹಾಕಬೇಕಿತ್ತು. ನೀರು ಹೊರ್ತಿದ್ದದ್ದು ನಮ್ಮವ್ವ."

"ನಿಮ್ಮ ತಾಯಿ..."

"ಗಟ್ಟಿಮುಟ್ಟಾಗಿದ್ದಾಳೆ. ಮೇಲೆ ಊರಲ್ಲಿ ಕೂತು ನನಗೆ ಹುಡುಗಿ ಹುಡುಕದೆ ಕಾಲ ಕಳೀತಿದ್ದಾಳೆ. ಏಳಿ."

ಝೆರ್ಹೂನ್ ಎದುರಿನ ಬೆಟ್ಟಕ್ಕೆ ಅಂಟಿಕೊಂಡ ಊರು. ಕಾರು ಕೆಳಗೇ ನಿಲ್ಲಬೇಕು, ಮುಂದೆ ಮೆಟ್ಟಿಲು. ಸುಫಿಯಾನ್ ಅಜ್ಜಿಯನ್ನು ಒಂದು ಕತ್ತೆಯ ಮೇಲೆ ಕೂರಿಸಿದ. ಮೆನ್ನಾನಾ ಹಿಂದೆ ಹತ್ತುತ್ತಿದ್ದಳು. ಇಲ್ಲಿಯೂ "ಹೌದು, ಬತೂಲೇ" ಎಂಬ ಮಾತು ಬಂದರೆ ಮುಂದೆ ಹುಡುಕಲು ಬೇರೆ ಜಾಗವಿರಲಿಲ್ಲ.

ತಾಮು ಅಂಗಳದಲ್ಲಿ ಕೂತು ಬಾರ್ಲಿ ಆರಿಸುತ್ತಿದ್ದಳು. ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು. ಮಗ ಇಬ್ಬರು ಹೆಂಗಸರನ್ನು ಕರೆತಂದದ್ದು ನೋಡಿ, "ಕೊನೆಗೂ ಯಾವಳನ್ನೋ ಕಟ್ಕಂಡು ಬಂದ್ಯೇನ್ಲಾ?" ಎಂದಳು.

"ಸುಮ್ನಿರವ್ವ. ಇವರು ಗಿರಾಕಿಗಳು. ಫೆಸ್‌ನೋರು."

"ಫೆಸ್‌ನೋರಾ?" ತಾಮು ಮೊರ ಕೆಳಗಿಟ್ಟಳು. ಕತ್ತೆಯಿಂದ ಇಳಿಯುತ್ತಿದ್ದ ಅಜ್ಜಿಯನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಸರಕ್ಕನೆ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಸದ್ದಾಯಿತು. ಹೊರಗೆ ಬಂದಾಗ ಅವಳ ಅಂಗೈಯಲ್ಲಿ ಒಂದು ಮಡಿಸಿದ ಬಿಳಿಯ ಕರವಸ್ತ್ರವಿತ್ತು, ಅಂಚಿಗೆ ನೀಲಿ ದಾರದ ಕಸೂತಿ.

ಅಜ್ಜಿ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಫೆಸ್‌ನ ಕಸೂತಿಗೆ ಹಿಂಬದಿ ಎಂಬುದಿಲ್ಲ, ಎರಡೂ ಕಡೆ ಒಂದೇ ಚಿತ್ತಾರ. ಹೆಬ್ಬೆರಳು ಅಂಚಿನ ಮೇಲೆ ಸರಿಯುತ್ತ ಹೋಗಿ ಮೂಲೆಯಲ್ಲಿ ನಿಂತಿತು.

"ನನ್ನ ಕೈಕೆಲಸ. ಇಲ್ಲಿ ಒಂದು ಹೊಲಿಗೆ ಬಿಟ್ಟಿದೀನಿ. ಯಾವಾಗಲೂ ಒಂದು ಬಿಡ್ತೀನಿ. ಕುಂದಿಲ್ಲದ್ದು ಮಾಡೋನು ದೇವರೊಬ್ಬನೇ" ಎಂದಳು. ಆಮೇಲೆ ತಲೆಯೆತ್ತಿ ತಾಮುವನ್ನು ನೋಡಿ, "ನೀನೇ. ಒದ್ದೆ ಆಗಿದ್ದವಳು" ಎಂದಳು.

"ನಾನೇ ಕಣವ್ವ."

ಮೆನ್ನಾನಾ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೇಳಿದಳು. "ನನಗೆ ಹಾಲು ಕೊಟ್ಟಿದ್ದು ಯಾರು ಅಮ್ಮ?"

"ಇನ್ಯಾರು, ನಾನೇ. ಇವ್ನು ನನ್ನ ಎದೆ ಮೇಲಿದ್ದ ಕಾಲ. ನೀನು ಗಂಟಲು ಕಿತ್ಕಂಡೋಗೋ ಹಂಗೆ ಅಳ್ತಿದ್ದೆ. ನೀರು ಹೊತ್ತು ನನ್ನ ಬಟ್ಟೆ ಎಲ್ಲಾ ಒದ್ದೆ, ಮೈಗೆ ಮೆತ್ಕಂಡಿತ್ತು. ಸುತ್ತ ಗಂಡಸರು. ಎದೆ ಬಿಚ್ಚೋದೆಂಗೆ? ನಿಮ್ಮ ಜೊತೆ ಬಂದಿದ್ಲಲ್ಲ ಒಬ್ಳು ತೆಳ್ಳನೆಯೋಳು, ಕಂಕುಳಲ್ಲಿ ಗಂಡು ಮಗ..."

"ಬತೂಲ್."

"ಹೂಂ, ಆವಮ್ಮ. ಅವಳ ಹಾಯಿಕ್ ತೆಗ್ದು ನನ್ನ ಮೇಲೆ ಹೊದಿಸಿದ್ಲು. ಕೆಂಪಂಚಿಂದು. ನೀನು ಕುಡಿಯೋ ತಂಕ ಆಕೆ ಗೋಡೆ ಮರೇಲಿ ನಿಂತಿದ್ಲು."

ಕೆಂಜಾ ಸುಳ್ಳು ಹೇಳಿರಲಿಲ್ಲ. ಅವಳು ಕಂಡದ್ದು ಹೊದಿಕೆ, ಒಳಗಿದ್ದ ಹೆಂಗಸನ್ನಲ್ಲ. ಹಾಯಿಕ್ ಹೊದ್ದವರನ್ನು ಅಂಚಿನಿಂದಲೇ ಗುರುತು ಹಿಡಿಯುತ್ತಿದ್ದ ಕಾಲದ ತಪ್ಪು ಅದು.

ತಾಮುವಿನ ಮಾತು ಇನ್ನೂ ಮುಗಿದಿರಲಿಲ್ಲ. "ನಂಗೆ ಆವತ್ತು ಆಕೆ ಮೇಲೆ ಸಿಟ್ಟು ಬಂದಿತ್ತು ಕಣೆ. ಮೊದ್ಲು ನಾ ಕೇಳ್ದೆ, 'ನಿನ್ನ ಎದೇಲೂ ಹಾಲೈತಲ್ಲ ತಾಯಿ, ಕೊಡಬಾರ್ದಾ ಈ ಕೂಸಿಗೆ' ಅಂತ. 'ನಾ ಕೊಡಕಿಲ್ಲ' ಅಂದ್ಬಿಟ್ಲು. ಇದೇನು ಪಟ್ಣದೋರಿಗೆ ಎದೇಲಿ ಕಲ್ಲಾ ಅಂದ್ಕಂಡೆ. ಆಮೇಲೆ ಹಾಯಿಕ್ ಹೊದಿಸ್ತಾ ಕಿವೀಲಿ ಹೇಳಿದ್ಲು. 'ಇವತ್ತು ಹಾಲು ಕೊಟ್ರೆ ಇವಳು ನನಗೆ ಮಗಳಾಗಿಬಿಡ್ತಾಳೆ. ನನಗೆ ಇವಳು ಸೊಸೆಯಾಗಿ ಬೇಕು. ನಿನ್ನ ದಮ್ಮಯ್ಯ, ನೀನು ಕೊಡು' ಅಂತ."

ಮೆನ್ನಾನಾಳಿಗೆ ಬತೂಲಳ ಮುಖ ನೆನಪಾಯಿತು. ಹಬ್ಬದ ದಿನ ತಟ್ಟೆ ತೆಗೆದುಕೊಂಡು ಹೋದರೆ ಆ ಹೆಂಗಸು ಸುಮ್ಮನೆ ಇವಳ ಗಲ್ಲ ಹಿಡಿದು ನಗುತ್ತಿದ್ದಳು, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಮಗನೇ ಹುಡುಕಿಕೊಂಡ ಹುಡುಗಿ ಎಂದು ಓಣಿಯೆಲ್ಲ ಅಂದುಕೊಂಡಿತ್ತು. ಹಾಲು ಕೊಡದೆಯೇ ಒಬ್ಬ ತಾಯಿ ಇಷ್ಟೊಂದು ಕೊಡಬಹುದೆಂದು ಮೆನ್ನಾನಾಳಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಅವಳು ಮನಸಾರೆ ಅತ್ತಳು, ಈ ಸಲ ಸಂತೋಷಕ್ಕೆ.

ಫೋನು ತೆಗೆದು ಜವಾದನಿಗೆ ಹೇಳಿದ್ದು ಒಂದೇ ಮಾತು. "ನಿಮ್ಮಮ್ಮ ನನ್ನನ್ನ ನಿನಗೆ ಅಂತ ಆಗಲೇ ಎತ್ತಿಟ್ಟಿದ್ರಂತೆ."

ಸುಫಿಯಾನ್ ಸೊಂಟದ ಮೇಲೆ ಕೈಯಿಟ್ಟು ತಾಯಿಯನ್ನು ನೋಡುತ್ತಿದ್ದ. "ಅಂದ್ರೆ ಕಸೂತಿ ಅಜ್ಜಿ ಷರತ್ತು ಇದಕ್ಕಾ? ನೆಟ್ಟಗೆ ಹೇಳೋಕೇನಾಗಿತ್ತು ನಿನಗೆ?"

"ಹೆಸರು ಮರೆತೋಗಿತ್ತು ಕಣ್ಲಾ. ಕರವಸ್ತ್ರ ಒಂದು ನೆನಪಿತ್ತು. ನಿನ್ನ ತಂಗೀನೇ ನೀನು ಕಟ್ಕಂಡು ಬಂದ್ರೆ ನಾನೇನ್ ಮಾಡ್ಲಿ?"

"ಬೆಳಿಗ್ಗೆಯಿಂದ ನನ್ನ ತಂಗಿಗೇ ನಾನು ಮೇಡಂ ಮೇಡಂ ಅಂದಿದ್ದಾಯ್ತು" ಎಂದ ಸುಫಿಯಾನ್. ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಒಬ್ಬನೇ ಮಗ ಅವನು.

ಕೆಂಜಾಳ ಮಾತನ್ನೆಲ್ಲ ತಾಮುವಿಗೆ ಹೇಳಿದ್ದಾಯಿತು. ನಾಳೆ ಇಮಾಮರ ಮುಂದೆ ಹೇಳಲು ಬರುತ್ತೀರಾ ಎಂದು ಕೇಳಬೇಕಾಗಿಯೇ ಇರಲಿಲ್ಲ. ತಾಮು ಆಗಲೇ ಚಪ್ಪಲಿ ಮೆಟ್ಟಿ, ಮದುವೆಮನೆಗೆಂದು ಆಲಿವ್ ಎಣ್ಣೆಯ ಕ್ಯಾನು ಹಿಡಿದು ಬಾಗಿಲಿಗೆ ಬಂದಿದ್ದಳು. "ಆ ಕೆಂಜಮ್ಮನ್ನೂ ಕೂರಿಸಿ. ಹೊದಿಕೆ ಕಂಡ್ಯಾ, ಮೂತಿ ಕಂಡ್ಯಾ ಅಂತ ಕೇಳ್ತೀನಿ. ಮದುವೆ ಮುಗಿಯೋ ತಂಕ ನಾ ಅಲ್ಲೇ ಇರೋಳು."

ಹಿಂದಿನ ಸೀಟಿನಲ್ಲಿ ಅಜ್ಜಿ, ತಾಮು ಇಬ್ಬರೂ ಎಣ್ಣೆಯ ಕ್ಯಾನನ್ನು ನಡುವೆ ಇಟ್ಟುಕೊಂಡು ಕೂತರು. ಬೆಳಿಗ್ಗೆ ಹಿಂದೆ ಕೂತಿದ್ದ ಮೆನ್ನಾನಾ ಈಗ ಮುಂದೆ, ಸುಫಿಯಾನನ ಪಕ್ಕದಲ್ಲಿ ಕೂತಳು. ಇಳಿಜಾರಿನಲ್ಲಿ ಆಲಿವ್ ತೋಪುಗಳು, ಕೆಳಗೆ ಬಯಲಿನಲ್ಲಿ ವಲೀಲಿಯ ಕಂಬಗಳು ಇಳಿಬಿಸಿಲಿಗೆ ಹಳದಿಯಾಗಿದ್ದವು.

ಅಜ್ಜಿ ಮುಂದೆ ಬಗ್ಗಿ ಮೊಮ್ಮಗಳ ಭುಜ ತಟ್ಟಿದಳು. "ಕಾರು ಓಡಿಸ್ತಿರೋ ಈ ಹುಡುಗ ಯಾರೇ?"

"ನಮ್ಮಣ್ಣ, ಅಜ್ಜಿ" ಎಂದಳು ಮೆನ್ನಾನಾ.

ಅಜ್ಜಿ ತಲೆಯಾಡಿಸಿದಳು. "ಒಳ್ಳೇದಾಯ್ತು. ಮದುವೆಗೆ ಕರೆದಿದೀಯಾ ಅವನನ್ನ?" ಎಂದು ಕೇಳಿದಳು.