ದೊಡ್ಡಮ್ಮನ ಕುಣಿಕೆ

ಬಟ್ಟೆ ಒಣಗಿಸುವ ಯಂತ್ರದ ಜಾಲರಿಗೆ ಅಂಟಿದ ನೂಲಿನ ಪುಡಿಯನ್ನು ಅವಳು ಬೆರಳಿನಿಂದ ಕೆರೆದು ತೆಗೆಯುತ್ತಿದ್ದಳು. ಅದು ಅವಳ ಕೆಲಸವಲ್ಲ. ಕ್ರೈಸ್ತ ಸಭೆಯವರು ನಡೆಸುವ ಈ ಆಸ್ಪತ್ರೆಯ ಬಟ್ಟೆ ತೊಳೆಯುವ ಕೋಣೆಗೆ ಹನ್ನೊಂದು ವರ್ಷದಿಂದ ಅವಳೇ ಮೇಲ್ವಿಚಾರಕಿ, ಎಲ್ಲರಿಗೂ ಅಕ್ಕ. ಜಾಲರಿ ಶುಚಿ ಮಾಡುವುದು ದೊಡ್ಡಮ್ಮನ ಪಾಲಿನ ಕೆಲಸ. ಆದರೆ ಮೂರು ದಿನದಿಂದ ದೊಡ್ಡಮ್ಮ ಬಾಗಿಲ ಪಕ್ಕದ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಏನನ್ನೂ ಮುಟ್ಟಕೂಡದು ಎಂದು ಮೇಟ್ರನ್ ಹೇಳಿದ್ದರು. ಮನೆಗೆ ಹೋಗು ಎಂದು ಹೇಳಿರಲಿಲ್ಲ. ಹಾಗಾಗಿ ಅವಳು ಹೊತ್ತಿಗೆ ಸರಿಯಾಗಿ ಬಂದು, ಏಪ್ರನ್ ಕಟ್ಟಿಕೊಂಡು, ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ಉಳಿದವರು ಬಾಯಿಗೆ ಬೀಗ ಹಾಕಿಕೊಂಡು ಹಾಸಿಗೆ ಬಟ್ಟೆ ಮಡಿಸುತ್ತಿದ್ದರು. ಇಸ್ತ್ರಿ ಮೇಜಿನವಳು ಸುಮ್ಮನಿರುವ ಜಾತಿಯಲ್ಲ. "ಅಕ್ಕನ ಪ್ರಾರ್ಥನೆ ಮುಗಿಯೋಷ್ಟರಲ್ಲಿ ಬಟ್ಟೆ ತಾನಾಗೇ ಒಣಗುತ್ತೆ, ಕರೆಂಟು ದಂಡ" ಎಂದು ಎದುರಿಗೇ ಹೇಳುವವಳು. ಈಗ ಅವಳೂ ತಲೆ ತಗ್ಗಿಸಿ ಇಸ್ತ್ರಿ ತಿಕ್ಕುತ್ತಿದ್ದಳು.

ಓಟಿಯಿಂದ, ಅಂದರೆ ಆಪರೇಷನ್ ಕೋಣೆಯಿಂದ ಬರುವ ಬಟ್ಟೆಗಳಲ್ಲಿ ಏನು ಬೇಕಾದರೂ ಇರಬಹುದು. ಕತ್ತರಿ, ಚಿಮಟ, ಸೂಜಿ. ಅದಕ್ಕೇ ಒಂದೊಂದನ್ನೂ ಮೇಜಿನ ಮೇಲೆ ಬಿಡಿಸಿ, ಕೊಡವಿ, ಆಮೇಲೆ ಚೀಲಕ್ಕೆ ತುಂಬಬೇಕು. ನೋಡಿ ತುಂಬಿದವಳು ಚೀಲದ ಬಾಯಿಗೆ ತನ್ನದೇ ಗಂಟು ಹಾಕಬೇಕು. ಒಬ್ಬೊಬ್ಬಳದು ಒಂದೊಂದು ಬಗೆ. ದೊಡ್ಡಮ್ಮನದು ಜಡೆಯ ತುದಿಗೆ ಹಾಕುವಂಥ ಕುಣಿಕೆ. ಗಂಟು ನೋಡಿದರೆ ಸಾಕು, ಯಂತ್ರಕ್ಕೆ ಬಟ್ಟೆ ಹಾಕುವವಳು ಧೈರ್ಯವಾಗಿ ಚೀಲದೊಳಗೆ ಕೈ ಹಾಕುತ್ತಿದ್ದಳು. ಈ ಪದ್ಧತಿ ಮಾಡಿದ್ದು ಅಕ್ಕನೇ. ಗಂಟು ಯಾರದೋ ಹೊಣೆ ಅವಳದು. ಅದು ಶುರುವಾದ ಆರು ವರ್ಷದಲ್ಲಿ ಒಬ್ಬರಿಗೂ ಚುಚ್ಚಿರಲಿಲ್ಲ.

ಮೂರು ದಿನದ ಹಿಂದೆ ಚುಚ್ಚಿತು. ಎಲ್ಲರಿಗಿಂತ ಚಿಕ್ಕವಳು, ಎಲ್ಲರೂ ಕೂಸು ಎಂದೇ ಕರೆಯುವವಳು, ದೊಡ್ಡಮ್ಮನ ಕುಣಿಕೆ ಬಿಚ್ಚಿ ಕೈ ಹಾಕಿದಳು; ಹೊಲಿಗೆ ಸೂಜಿ ಕೈಗವಸು ದಾಟಿ ಹೆಬ್ಬೆರಳಿಗೆ ಇಳಿಯಿತು. ಯಾವ ರೋಗಿಯ ಸೂಜಿಯೋ ಯಾರಿಗೂ ಗೊತ್ತಿಲ್ಲ. ರೋಗ ಅಂಟದಿರಲಿ ಎಂದು ಇಪ್ಪತ್ತೆಂಟು ದಿನ ಮಾತ್ರೆ, ಆಮೇಲೆ ರಕ್ತಪರೀಕ್ಷೆ, ಮತ್ತೆ ಕೆಲವು ತಿಂಗಳಿಗೆ ಇನ್ನೊಂದು. ಮಾತ್ರೆ ತಿಂದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡೇ ದಿಂಬಿನ ಚೀಲ ಮಡಿಸುತ್ತಿದ್ದಳು.

"ಕಣ್ಣು ಕಾಣದವರನ್ನ ಸೂಜಿ ಹುಡುಕೋಕೆ ಬಿಟ್ಟರೆ ಇನ್ನೇನಾಗುತ್ತೆ" ಎಂದು ಆವತ್ತು ಇಸ್ತ್ರಿಯವಳು ಗೊಣಗಿದ್ದಳು. ದೊಡ್ಡಮ್ಮ ಅಕ್ಕನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನನ್ನ ಏಪ್ರನ್ನಿಂದಲೇ ಬಿದ್ದಿರಬೇಕು ಕಣಮ್ಮ. ನೀನು ನೋಡಿದ ಮೇಲೆ ಆ ಚೀಲದಲ್ಲಿ ಸೂಜಿ ಎಲ್ಲಿಂದ ಬರುತ್ತೆ?"

ಅಕ್ಕ ಆಗ ಏನೂ ಹೇಳಲಿಲ್ಲ. ಹೇಳದೆ ಮೂರು ದಿನವಾಯಿತು.

ಆ ಚೀಲ ಕಟ್ಟಿದ ಮಧ್ಯಾಹ್ನ ದೊಡ್ಡಮ್ಮನ ಕಣ್ಣಿಗೆ ಸೋಪಿನ ಪುಡಿ ಹಾರಿ ನೀರು ಸುರಿಯುತ್ತಿತ್ತು. "ಮಗಳೇ, ಈ ಚೀಲ ಒಂದ್ಸಲ ನೋಡಿಬಿಡು" ಎಂದಿದ್ದಳು. ಅಕ್ಕ ಹೊರಡುವ ಗಡಿಬಿಡಿಯಲ್ಲಿದ್ದಳು. ಸಭೆಯ ಹೆಂಗಸರ ಕೂಟದಲ್ಲಿ ಅವಳು ಮಾತಾಡುವುದಿತ್ತು. ಕಾಗದದಲ್ಲಿ ಎರಡು ಪುಟ ಬರೆದುಕೊಂಡಿದ್ದಳು. ಕರ್ತನು ಮೊದಲು ಶಿಷ್ಯರ ಕಾಲು ತೊಳೆಯಲು ಬಗ್ಗಿದನು, ಆಮೇಲೆ ಮುಂದೆ ನಡೆದನು, ಮುಂದಾಳು ಅಂದರೆ ಹಾಗಿರಬೇಕು ಎಂದು. ಚೀಲದ ಮೇಲಿನ ಒಂದು ಬಟ್ಟೆ ಎತ್ತಿ, ಹಾಗೇ ಬಿಟ್ಟು, "ನೋಡಿದೀನಿ, ಕಟ್ಟಿ ದೊಡ್ಡಮ್ಮ" ಎಂದು ಹೊರಟುಹೋಗಿದ್ದಳು. ಕೂಟದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ನಾಲ್ಕು ಗಂಟೆಗೆ ಮೇಟ್ರನ್ ಕರೆಸಿದರು. ಮೇಜಿನ ಮೇಲೆ, ಸೂಜಿ ಚುಚ್ಚಿದ್ದಕ್ಕೆ ಯಾರು ಹೊಣೆ ಎಂಬ ವರದಿಯ ಹಾಳೆ ಇತ್ತು.

"ಇದು ಇವತ್ತು ಮೇಲಕ್ಕೆ ಹೋಗಬೇಕಮ್ಮ. ದೊಡ್ಡಮ್ಮನಿಗೂ ವಯಸ್ಸಾಯ್ತು. ತಿಂಗಳ ಕೊನೆಗೆ ಒಂದು ಒಳ್ಳೆ ಬೀಳ್ಕೊಡುಗೆ ಮಾಡೋಣ, ನೀನೇ ಪ್ರಾರ್ಥನೆ ಮಾಡು. ಇಲ್ಲಿ ಸಹಿ ಹಾಕು."

ಹಾಳೆಯಲ್ಲಿ ದೊಡ್ಡಮ್ಮನ ಹೆಸರು ನೀಟಾಗಿ ಟೈಪಾಗಿತ್ತು. ಅಷ್ಟುದ್ದದ ಹೆಸರು ಅವಳಿಗಿದೆ ಎಂದು ಅಕ್ಕನಿಗೆ ಮರೆತೇಹೋಗಿತ್ತು. ಪೆನ್ನು ಹಿಡಿದಳು, ಮತ್ತೆ ಇಟ್ಟಳು.

"ಆ ಚೀಲ ನೋಡಿದೆ ಅಂತ ಹೇಳಿದ್ದು ನಾನು ಮೇಡಂ. ನೋಡಿರಲಿಲ್ಲ."

ಮೇಟ್ರನ್ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. "ಇದು ಯಾರಿಗೆ ಗೊತ್ತು?"

"ದೇವರಿಗೆ."

"ನಾನು ಅದನ್ನ ಕೇಳಲಿಲ್ಲ."

"ಇನ್ನು ಯಾರಿಗೂ ಗೊತ್ತಿಲ್ಲ. ದೊಡ್ಡಮ್ಮನಿಗೂ ಇಲ್ಲ."

ಮೇಟ್ರನ್ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೈಯುತ್ತಾರೆಂದು ಅಕ್ಕ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಹೆಸರಿನ ಮೇಲೆ ಗೀಟು ಎಳೆದು, ಮೇಲೆ ಅಕ್ಕನ ಹೆಸರು ಬರೆದು, ಹಾಳೆ ತಿರುಗಿಸಿದರು. ಅವಳು ಸಹಿ ಹಾಕಿದಳು.

"ನಿನ್ನನ್ನ ಏನು ಮಾಡಬೇಕು ಅಂತ ಮೇಲಿನವರು ನೋಡ್ಕೋತಾರೆ. ಆದರೆ ಕೆಳಗಿರೋರಿಗೆ ನೀನೇ ಹೇಳು. ಆಮೇಲೂ ಅವರು ನಿನ್ನ ಮಾತು ಕೇಳಿ ಕೆಲಸ ಮಾಡ್ತಾರಾ ನೋಡು. ಅದು ನನ್ನ ಕೈಯಲ್ಲಿಲ್ಲ."

ಐದಕ್ಕೆ ದಿನದ ಕೆಲಸ ಮುಗಿಯುವುದು. ಯಂತ್ರದ ಗುಂಡಿ ಒತ್ತಿ ನಿಲ್ಲಿಸಿ, ಮಡಿಸುವ ಮೇಜಿನ ಸುತ್ತ ನಿಂತು, ಅಕ್ಕ ಪ್ರಾರ್ಥನೆ ಶುರು ಮಾಡುವುದು, ಉಳಿದವರು ಆಮೆನ್ ಎನ್ನುವುದು. ಎಲ್ಲರೂ ಅಭ್ಯಾಸದಂತೆ ಬಂದು ನಿಂತರು. ದೊಡ್ಡಮ್ಮ ಬೆಂಚಿನಿಂದ ಎದ್ದು, ಕೊನೆಯಲ್ಲಿ, ಯಾರಿಗೂ ತಾಕದ ಹಾಗೆ ನಿಂತಳು.

ಅಕ್ಕ ಹೇಳಿದಳು. ಉದ್ದ ಮಾಡಲಿಲ್ಲ. ಕೂಸಿನ ಹೆಬ್ಬೆರಳ ಪಟ್ಟಿಯನ್ನು ನೋಡುತ್ತ ಹೇಳಿದಳು. "ತಪ್ಪು ನಂದು. ದೊಡ್ಡಮ್ಮನದಲ್ಲ. ಗೊತ್ತಿದ್ದೂ ಮೂರು ದಿನ ಸುಮ್ಮನಿದ್ದೆ. ಅದೂ ನಂದೇ."

ಕೂಸು ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಆವತ್ತು ಅಲ್ಲಿ ಏನು ಭಾಷಣ ಮಾಡಿದ್ರಿ ಅಕ್ಕ?" ಎಂದಳು ಇಸ್ತ್ರಿಯವಳು.

"ಮುಂದಾಳು ಅಂದ್ರೆ ಯಾರು ಅಂತ."

ಯಾರೋ ನಗಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. "ಬೇಲಿನೇ ಎದ್ದು ಹೊಲ ಮೇಯ್ತು, ಇನ್ನೇನು" ಎಂದು ಇಸ್ತ್ರಿಯವಳು ಮೇಜಿಗೆ ಹೇಳುವಂತೆ ಹೇಳಿದಳು. ಅವಳ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. ದಣಿದಿದ್ದಳು.

ದೊಡ್ಡಮ್ಮ ತನ್ನ ಏಪ್ರನ್ನಿನ ಜೇಬಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ಎಲ್ಲೋ ದೂರದ ವಿಷಯ ಹೇಳುವವಳಂತೆ ಹೇಳಿದಳು:

"ಮನೇಲಿ ನಾಲ್ಕು ಏಪ್ರನ್ ಇವೆ. ಮೂರು ದಿನವೂ ಸೊಸೆ ಕೈಲಿ ದೀಪ ಹಿಡಿಸಿ, ಒಂದೊಂದು ಹೊಲಿಗೇನೂ ಬಿಚ್ಚಿ ಹುಡುಕಿದೆ. ಇನ್ನೊಂದು ಸೂಜಿ ಇದ್ದರೆ ಅಂತ."

ಅಕ್ಕನಿಗೆ ಕಾಲು ಹಿಡಿಯಬೇಕೆನಿಸಿತು. ಅದೂ ಒಂದು ಭಾಷಣದ ಹಾಗೆ ಆಗಿಬಿಡುತ್ತದೆಂದು ಮೇಜಿನ ಅಂಚು ಹಿಡಿದು ನಿಂತಳು. ಕೈಯಲ್ಲಿ ಇನ್ನೂ ನೂಲಿನ ಪುಡಿ ಅಂಟಿಕೊಂಡಿತ್ತು. ಗೋಡೆಯ ಗಡಿಯಾರದಲ್ಲಿ ಐದು ದಾಟಿ ಏಳು ನಿಮಿಷವಾಗಿತ್ತು. ಯಾರೂ ಹೊರಡಲಿಲ್ಲ. ಎಲ್ಲರ ಕಣ್ಣರೆಪ್ಪೆಗಳೂ ಮುಚ್ಚುವುದಕ್ಕೆ ಕಾದಂತೆ ಅರ್ಧ ಇಳಿದಿದ್ದವು. ಅವಳು ಬಾಯಿ ತೆರೆದಳು. ಹನ್ನೊಂದು ವರ್ಷದಿಂದ ತಾನಾಗಿ ಬರುತ್ತಿದ್ದ ಮೊದಲ ಮಾತು ಬರಲಿಲ್ಲ.

ಇವತ್ತು ನಿಲ್ಲಿಸಲು ಮರೆತ ಯಂತ್ರದ ಉರುಳೆ ತನ್ನ ಹೊತ್ತು ಮುಗಿದು ಕೊನೆಯ ಸುತ್ತು ತಿರುಗುತ್ತಿತ್ತು. ಒಳಗೆ ಯಾವುದೋ ಅಂಗಿಯ ಗುಂಡಿ ಲೋಹಕ್ಕೆ ಬಡಿಯುತ್ತ, ಬಡಿಯುತ್ತ, ನಿಧಾನವಾಗಿ ನಿಂತಿತು.

"ಇವತ್ತು ನಿಮ್ಮಲ್ಲಿ ಯಾರಾದರೂ ಪ್ರಾರ್ಥನೆ ಶುರು ಮಾಡಿ" ಎಂದಳು.