ಹಾಜರಿಗೆ ಹಾಕಿದ ಸಹಿ

"ಮೊದ್ಲು ಸೈನ್ ಆಕ್ಬುಡಿ ಅಕ್ಕ, ಆಮೇಲೆ ಮಾತು," ಎಂದು ಕಾರ್ಯದರ್ಶಿ ನಿಂಗರಾಜು ದಪ್ಪ ಪುಸ್ತಕವನ್ನು ನಾಗರತ್ನಳ ಮುಂದೆ ಸರಿಸಿದ. ಅವಳು ಗೊರವನಹುಂಡಿ ಪಂಚಾಯಿತಿಯ ಸದಸ್ಯೆಯಾಗಿ ಮೂರು ವರ್ಷ. ಪ್ರತಿ ಸಭೆಯಲ್ಲೂ ಹೀಗೇ. ಹಾಜರಿಗೆ ಸಹಿ, ಆಮೇಲೆ ಖಾರಾಬಾತು, ಆಮೇಲೆ ಚರ್ಚೆ. ಪುಟದ ಮೇಲರ್ಧ ಖಾಲಿಯಿತ್ತು. ಕೆಳಗಿದ್ದ ಐದು ಸಹಿಗಳ ಜೊತೆ ತನ್ನದನ್ನೂ ಸೇರಿಸಿ ಪೆನ್ನು ಕೊಟ್ಟಳು.

ಇವತ್ತು ಅವಳ ಮನಸ್ಸು ಖಾರಾಬಾತಿನ ಮೇಲಿರಲಿಲ್ಲ. ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಬಿದ್ದಿರುವ ಗೊರವನಹುಂಡಿಯನ್ನು ಪಕ್ಕದ ಬಾಳೆಕೊಪ್ಪಲಿನೊಂದಿಗೆ ಸೇರಿಸಿ ಒಂದೇ ಪಟ್ಟಣ ಪಂಚಾಯಿತಿ ಮಾಡುವ ವಿಷಯ ಬರುವುದಿತ್ತು. ಇಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಬಾಗಿಲು ಹಾಕಿ ಎಂಟು ವರ್ಷ. ಅಲ್ಲಿ ಸಂತೆಯೇ ನಿಂತುಹೋಗಿದೆ. ಸೊರಗಿದ ಎರಡು ಎತ್ತನ್ನು ಒಂದೇ ನೊಗಕ್ಕೆ ಕಟ್ಟಿ ಇಪ್ಪತ್ತು ವರ್ಷದ ಪ್ಲಾನು ಹಾಕಿದ್ದರು ದೊಡ್ಡವರು! ಚರಂಡಿ ಬರುತ್ತದೆ, ಬೀದಿದೀಪ ಬರುತ್ತದೆ, ಇಲ್ಲವೆನ್ನುವಂತಿಲ್ಲ. ಆದರೆ ಊರು ಪಟ್ಟಣವಾದರೆ ಹಳ್ಳಿಗಳಿಗಷ್ಟೇ ಇರುವ ಉದ್ಯೋಗ ಖಾತ್ರಿ ಕೆಲಸ ನಿಂತಂತೆಯೇ. ಅವಳ ಬೀದಿಯ ಹೆಂಗಸರ ಒಲೆ ಉರಿಯುವುದೇ ಆ ಕೆಲಸದಿಂದ. "ಬ್ಯಾಡ ಅಂತ ಎದ್ದುನಿಂತು ಯೋಳ್ತೀನಿ," ಎಂದು ನಿನ್ನೆ ತಾನೇ ಅವರಿಗೆ ಮಾತು ಕೊಟ್ಟಿದ್ದಳು.

ತಿಂಡಿ ಮುಗಿದ ಮೇಲೆ ಅಧ್ಯಕ್ಷ ಶಿವಸ್ವಾಮಿ ಕೈ ಒರೆಸಿಕೊಂಡ. "ಸರಿ, ಎರಡೂರು ಸೇರ್ಸೋ ವಿಷ್ಯ ಪಾಸಾಯ್ತು ಅಂತ ಬರ್ಕೊಳಪ್ಪ."

ನಾಗರತ್ನ ದಡಕ್ಕನೆ ಎದ್ದಳು. "ಎಲ್ಲಣ್ಣ ಪಾಸಾಯ್ತು? ನಂಗೊಪ್ಗೆ ಇಲ್ಲ."

"ಆಗ್ಲೇ ಒಪ್ಕಂಡಿದ್ದೀಯಲ್ಲವ್ವ. ಅನ್ನೊಂದು ಜನ್ದಲ್ಲಿ ಆರು ಸೈನು ಬೇಕಿತ್ತು. ಆರ್ನೇದು ನಿಂದೇ."

"ಅದು ಆಜರಿಗೆ ಆಕಿದ್ದು!"

ನಿಂಗರಾಜು ತಲೆ ಎತ್ತಲಿಲ್ಲ. "ಸೈನು ಅಂದ್ರೆ ಸೈನು ಅಕ್ಕ. ಆಜರಿ ಬ್ಯಾರೆ, ಒಪ್ಗೆ ಬ್ಯಾರೆ ಅಂತ ಇಲ್ಲಿಲ್ಲ." ಖಾಲಿಯಿದ್ದ ಜಾಗದಲ್ಲಿ ಅವನ ದುಂಡಗಿನ ಅಕ್ಷರ ಇಳಿಯುತ್ತಿತ್ತು: ಸದಸ್ಯರು ಕೂಲಂಕಷವಾಗಿ ಚರ್ಚಿಸಿ...

"ಒಡ್ದಾಕು ನನ್ನೆಸ್ರ."

"ಒಡ್ದಾಕ್ಲಿ," ಶಿವಸ್ವಾಮಿ ನಗುನಗುತ್ತಲೇ ಅಂದ. "ನಿಮ್ಮ ಬೀದಿಯೋರ್ಗೆ ಕೆಲ್ಸ ಕೊಟ್ಟಿರೋ ಪುಟಗ್ಳೂ ಇದ್ರಲ್ಲೇ ಅವೆ. ಅವೂ ಬರೀ ಆಜರಿ ಸೈನು ಅಂತ ಮೇಲಕ್ಕೆ ಬರ್ದು ಕಳಿಸ್ಲಾ?"

ಅವಳು ಆ ದಪ್ಪ ಪುಸ್ತಕದತ್ತ ನೋಡಿದಳು. ಮೂರು ವರ್ಷದಲ್ಲಿ ತನ್ನ ಸಹಿಯ ಮೇಲೇನು ಬರೆದರೆಂದು ಒಂದು ಸಲವಾದರೂ ಓದಿದ್ದಳೇ? ವಿಲೀನ ಬೇಡವೆನ್ನುವ ಐವರು ಈವತ್ತು ಸಭೆಗೇ ಬಂದಿರಲಿಲ್ಲ. ಬರದೇ ಇರುವುದೇ ಬೇಡವೆನ್ನುವ ರೀತಿ ಎಂದು ಆ ಪುಣ್ಯಾತ್ಮರಿಗೆ ಗೊತ್ತಿತ್ತು. ಇವಳಿಗೆ ಯಾರೂ ಹೇಳಿರಲಿಲ್ಲ. ಮಾತು ಉಳಿಸಿಕೊಳ್ಳಲು ಬಂದವಳೇ ಕೆಡಿಸಿದ್ದಳು.

ಹೊರಗೆ ಬೀದಿಯ ಹೆಂಗಸರೆಲ್ಲ ಕಾದು ನಿಂತಿದ್ದರು. ಹಿರಿಯಳಾದ ಕೆಂಪಾಜಮ್ಮ ಮುಂದೆ ಬಂದಳು. "ಬ್ಯಾಡ ಅಂತ ಯೋಳ್ದೇನವ್ವ?"

"ಯೋಳ್ದೆ ಅತ್ತೆ." ಅದೇನೂ ಸುಳ್ಳಲ್ಲವಲ್ಲ.

"ಅಂಗನ್ನು ಮತ್ತೆ! ನಮ್ಮ ನಾಗ್ರತ್ನ ಇದ್ರೆ ನಮ್ಗೇನ್ ಭಯ ಕಣ್ರಮ್ಮಿ?" ಮುದುಕಿ ಸೆರಗಿನಿಂದ ಜಾಬ್ ಕಾರ್ಡುಗಳ ಕಟ್ಟು ತೆಗೆದಳು. "ತಗ, ಬರೋ ತಿಂಗ್ಳ ಕೆರೆ ಕೆಲ್ಸಕ್ಕೆ ಎಲ್ರುದೂ ಅರ್ಜಿ ಬರ್ಕೊಡು."

ನಾಗರತ್ನ ಕಚೇರಿಯ ಮೆಟ್ಟಿಲ ಮೇಲೆ ಕುಳಿತಳು. ಎಲ್ಲರ ಹೆಸರೂ ಬಾಯಿಪಾಠವಿದ್ದರೂ, ಬೇರೇನೂ ಕೇಳಲು ಅವರಿಗೆ ಎಡೆಕೊಡದಂತೆ ತಲೆ ಬಗ್ಗಿಸಿಕೊಂಡು, ಒಬ್ಬೊಬ್ಬರ ಹೆಸರನ್ನೇ ಕೇಳಿ ಕೇಳಿ ಬರೆಯತೊಡಗಿದಳು.