ಅರ್ಜಿದಾರರು ವಾಸವಿದ್ದ ಕೋಣೆ

ಹೈದರಾಕ ಪಂಚಾಯತಿನ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ನಾನು ಕಂಪ್ಯೂಟರಿಗೆ ಮುಖ ಒತ್ತಿಕೊಂಡು ಪ್ರಪಂಚದ ಕೆಲಸವೆಲ್ಲ ನನ್ನ ತಲೆಮೇಲೆ ಇರುವವಳ ಹಾಗೆ ಕೂರುತ್ತಿದ್ದೆ. ಅದರಿಂದ ಪ್ರಯೋಜನ ಆದದ್ದು ಒಂದು ದಿನವೂ ಇಲ್ಲ. ಅವರು ಮೇಜಿನ ಆಚೆ ನಿಂತು, ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಮಡಚಿದ ಕಾಗದ ತೆಗೆದು, "ನಿಖಿತಾ, ಇದಕ್ಕೊಂದು ಸೀಲ್ ಹೊಡಿ ಮಗಳೇ" ಎನ್ನುತ್ತಿದ್ದರು. ಸೀಲ್ ಹೊಡೆಯುವವರೆಗೆ ಅಲ್ಲಾಡುತ್ತಿರಲಿಲ್ಲ.

ನಮ್ಮ ಪಂಚಾಯತ್ ಇರುವುದು ಬೆಳ್ಳಾರೆಗೂ ಕಾಣಿಯೂರಿಗೂ ನಡುವೆ. ನಾನು ಇಲ್ಲಿ ಡಾಟಾ ಎಂಟ್ರಿ ಮಾಡುವವಳು. ಹೆಸರಿಗೆ ಅಷ್ಟೆ. ಅರ್ಜಿ ತೆಗೆದುಕೊಳ್ಳುವುದು, ಸಭೆಯಲ್ಲಿ ಯಾರು ಏನು ಹೇಳಿದರು ಎಂದು ಬರೆದುಕೊಂಡು ಟೈಪ್ ಮಾಡುವುದು, ಸರ್ವರ್ ಡೌನ್ ಆದರೆ ಊರವರಿಂದ ಬೈಸಿಕೊಳ್ಳುವುದು, ಎಲ್ಲ ನನ್ನ ಪಾಲಿಗೇ.

ಜೂನ್ ಕೊನೆಗೆ ಗುಡ್ಡ ಜರಿದು ಕಾಲೊನಿಯ ಎಂಟು ಮನೆಗಳು ಹೋಗಿದ್ದವು. ಹಗಲು ಜರಿದ ಕಾರಣ ಜೀವಗಳು ಉಳಿದವು. ಒಂದು ಕುಟುಂಬವನ್ನು ಆ ವಾರ್ಡಿನ ಮೆಂಬರ್ ಆಯಿಶಮ್ಮ ತಮ್ಮ ಮನೆಯ ಮಾಳಿಗೆಗೆ ಕರೆದುಕೊಂಡು ಹೋದರು. ಉಳಿದ ಏಳು ಕುಟುಂಬ ಶಾಲೆಯ ಮೂರು ಕೋಣೆಗಳಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಕುಳಿತವು. ಹೊಸ ಮನೆ ಮಂಜೂರಾಗಿತ್ತು, ಆದರೆ ಜಾಗ ನೋಡಿ ಕಟ್ಟಿ ಮುಗಿಸುವಾಗ ಎರಡು ವರ್ಷ. ನಮ್ಮ ಊರಲ್ಲಿ ಬಾಡಿಗೆಗೆ ಮನೆ ಎಂಬುದೇ ಇಲ್ಲ. ಜುಲೈಯಲ್ಲಿ ಮೇಲಿನಿಂದ ಪತ್ರ ಬಂತು: ಆಗಸ್ಟ್ ಹದಿನೈದರ ಒಳಗೆ ಊರಲ್ಲೇ ಏನಾದರೂ ವ್ಯವಸ್ಥೆ ಆಗಬೇಕು, ಇಲ್ಲದಿದ್ದರೆ ಏಳೂ ಕುಟುಂಬ ಪುತ್ತೂರಿನ ಖಾಲಿ ಹಾಸ್ಟೆಲುಗಳಿಗೆ. ಗಂಡಸರು ಒಂದು ಕಟ್ಟಡಕ್ಕೆ, ಹೆಂಗಸರು ಮಕ್ಕಳು ಇನ್ನೊಂದಕ್ಕೆ.

ಶಾಲೆಯಲ್ಲಿದ್ದ ವಾರಿಜಾಕ್ಷಿ ಆ ಪತ್ರ ಓದಿಸಿಕೊಂಡು ನನ್ನ ಮೇಲೆಯೇ ರೇಗಿದಳು. "ನಾನು ಬೀಡಿ ಕಟ್ಟಿ ಕೊಡುವ ಬ್ರಾಂಚ್ ಇಲ್ಲಿ, ಇವರ ರಬ್ಬರ್ ಟ್ಯಾಪಿಂಗ್ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಅಲ್ಲಿ ಹೋಗಿ ಎಂತ ಮಾಡುದು ಮಾರಾಯ್ತಿ? ಗಂಡನನ್ನು ನೋಡ್ಲಿಕ್ಕೆ ಗೇಟಿನ ಹತ್ರ ನಿಲ್ಲುದಾ?"

ಹೈದರಾಕನ ಅರ್ಜಿಗಳು ಶುರುವಾದದ್ದು ಇದರ ಮರುದಿನ. ಮೊದಲನೆಯದು ಮದುವೆ ಹಾಲ್ ಬಗ್ಗೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಹಾಲ್ ಖಾಲಿ ಬಿದ್ದಿದೆ, ಕೊಡಿಸಿ ಎಂದು ಬರೆದಿದ್ದರು. ಆಟಿ ಮುಗಿದ ಮೇಲೆ ಎಲ್ಲಿಗೆ ಎಂದು ಪಿಡಿಒ ಕೇಳಿದರು. ಎರಡನೆಯದು ಮುಚ್ಚಿದ ಕೋಳಿ ಫಾರ್ಮನ್ನು ತೊಳೆದು ಸುಣ್ಣ ಹೊಡೆಯುವ ಬಗ್ಗೆ. ಅದನ್ನು ಓದಿ ಅಧ್ಯಕ್ಷ ಬೆಳ್ಯಪ್ಪಣ್ಣ ಎರಡು ದಿನ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಬೇಕು. ಮೂರನೆಯದರಿಂದ ಒಂಬತ್ತನೆಯದರವರೆಗೆ ಒಂದೇ ವಿಷಯ. ಹೆದ್ದಾರಿ ಕೆಲಸ ಮುಗಿಸಿದ ಕಂಪೆನಿಯೊಂದು ತನ್ನ ಕೆಲಸಗಾರರು ಮಲಗುತ್ತಿದ್ದ ಎಂಟು ಕ್ಯಾಬಿನ್‌ಗಳನ್ನು ಯಾರದೋ ಜಾಗದಲ್ಲಿ ಬಿಟ್ಟಿತ್ತು. ತಗಡಿನ ಗೋಡೆ, ತಗಡಿನ ಮಾಡು, ಒಂದು ಬಾಗಿಲು, ಒಂದು ಕಿಟಕಿ. ಕ್ರೇನಿನಲ್ಲಿ ಎತ್ತಿ ಲಾರಿಗೆ ಹಾಕಿದರೆ ಮನೆಯೇ ಬಂದು ಕೂರುತ್ತದೆ. ಹೈದರಾಕ ಆ ಕಂಪೆನಿಯ ಮ್ಯಾನೇಜರನನ್ನು ಹಿಡಿದು, ಎರಡು ವರ್ಷಕ್ಕೆ ಬಾಡಿಗೆಯಿಲ್ಲದೆ ಹಾಗೆಯೇ ಕೊಡುತ್ತೇವೆ ಎಂಬ ಪತ್ರವನ್ನೂ ತಂದಿದ್ದರು. ಸಂತೆ ಮಾರ್ಕೆಟಿಗೆಂದು ಬಿಟ್ಟ ಪಂಚಾಯತಿನ ಜಾಗದಲ್ಲಿ ಇಡಬೇಕು ಎಂಬುದು ಅವರ ಬೇಡಿಕೆ.

ಇದಕ್ಕೆ ಅಡ್ಡ ನಿಂತವರು ಬೇರೆ ಯಾರೂ ಅಲ್ಲ, ಅವರ ಹೆಂಡತಿ. ಆಯಿಶಮ್ಮ ಮೆಂಬರ್.

ಆಯಿಶಮ್ಮ ಬೇಡ ಎಂದರೆ ನಮ್ಮಲ್ಲಿ ಬೇಡ ಎಂದೇ ಲೆಕ್ಕ. ಗಂಡ ಗಲ್ಫಿನಲ್ಲಿದ್ದ ಹತ್ತೊಂಬತ್ತು ವರ್ಷ ಒಬ್ಬರೇ ಮನೆ ಕಟ್ಟಿಸಿ, ಎರಡು ಹೆಣ್ಣುಮಕ್ಕಳನ್ನು ಓದಿಸಿ, ಆಮೇಲೆ ಚುನಾವಣೆಗೆ ನಿಂತು ಗೆದ್ದವರು. ಕೆಟ್ಟ ಮನಸ್ಸಿನಿಂದ ವಿರೋಧಿಸಿದವರಲ್ಲ. ಸಂತ್ರಸ್ತರನ್ನು ಸ್ವಂತ ಮನೆಯಲ್ಲಿ ಇಟ್ಟುಕೊಂಡಿದ್ದ ಒಬ್ಬರೇ ಮೆಂಬರ್ ಅವರು. "ನಮ್ಮ ಮನೆಯ ಆಡಿಗೂ ಹಂಚಿನ ಗೂಡು ಉಂಟು. ಜನರನ್ನು ತಗಡಿನ ಪೆಟ್ಟಿಗೆಗೆ ತುಂಬಿಸ್ಲಿಕ್ಕೆ ನಾನು ಕೈ ಎತ್ತುದಿಲ್ಲ" ಎಂದು ಬಿಟ್ಟಿದ್ದರು. ಮನೆಯಲ್ಲಿ ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಿದ್ದರೋ ಗೊತ್ತಿಲ್ಲ. ಪಂಚಾಯತಿನೊಳಗೆ ಗಂಡನಿಗೆ ಹೆಂಡತಿ "ಮೆಂಬರ್", ಹೆಂಡತಿಗೆ ಗಂಡ "ಅರ್ಜಿದಾರರು". ನಮಗೆ ಅದೊಂದು ತಮಾಷೆಯಾಗಿತ್ತು.

ಆಗಸ್ಟ್ ಮೊದಲ ಮಂಗಳವಾರ ವಿಶೇಷ ಗ್ರಾಮಸಭೆ. ಪಂಚಾಯತಿನ ಹಾಲ್ ತುಂಬಿ ವರಾಂಡದವರೆಗೆ ಜನ. ಏಳು ಕುಟುಂಬದವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹೈದರಾಕ ಮೈಕ್ ಹಿಡಿದು, ಕ್ಯಾಬಿನ್ನಿನ ಉದ್ದ ಅಗಲ, ಶೌಚಾಲಯ ಎಲ್ಲಿ ಕಟ್ಟಬಹುದು, ನೀರಿನ ಪೈಪ್ ಎಲ್ಲಿಂದ ಎಳೆಯಬಹುದು ಎಂದು ಚೆನ್ನಾಗಿಯೇ ಹೇಳಿದರು. ಗಲ್ಫಿನಲ್ಲಿ ಇಂಥವು ಬೇಕಾದಷ್ಟು ನೋಡಿದ್ದೇನೆ ಎಂದರು.

ವಾರಿಜಾಕ್ಷಿ ಎದ್ದು ನಿಂತಳು. "ನೋಡುದು ಬೇರೆ, ಇರುದು ಬೇರೆ ಹೈದರಾಕ. ಚಿಕ್ಕ ಮಕ್ಕಳುಂಟು ನಮಗೆ. ಅದರೊಳಗೆ ಮನುಷ್ಯರು ವರ್ಷಗಟ್ಲೆ ಇರ್ಲಿಕ್ಕೆ ಆಗ್ತದೆ ಅಂತ ನಿಮಗೆ ಹೇಗೆ ಗೊತ್ತು?"

"ಅದೇ ನಾನು ಕೇಳುದು" ಎಂದರು ಆಯಿಶಮ್ಮ ವೇದಿಕೆಯಿಂದ. "ಅರ್ಜಿದಾರರು ಫ್ಲಾಟಿನಲ್ಲಿ ಎಸಿ ಹಾಕಿ ಮಲಗಿದವರು. ಅವರಿಗೆಂತ ಗೊತ್ತು ತಗಡಿನ ಬಿಸಿ?"

ಜನ ನಕ್ಕರು. ಆ ಫ್ಲಾಟನ್ನು ನಾವೆಲ್ಲ ಫೋಟೋದಲ್ಲಿ ನೋಡಿದ್ದೆವು. ಅವರ ಮನೆಯ ಚಾವಡಿಯಲ್ಲಿ ಫ್ರೇಮು ಹಾಕಿಟ್ಟಿದ್ದಾರೆ: ಕೆಂಪು ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತ ಹೈದರಾಕ, ಹಿಂದೆ ದೊಡ್ಡ ಪರದೆ. ಪೆರ್ನಾಲ್ ಹಬ್ಬಕ್ಕೆ ಪಾಯಸ ಕುಡಿಯಲು ಹೋದಾಗಲೆಲ್ಲ ಆಯಿಶಮ್ಮ ನನಗೂ ತೋರಿಸಿದ್ದರು.

ಹೈದರಾಕ ನಗಲಿಲ್ಲ. ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮುಂದಿನ ಸಾಲಿನ ಮಕ್ಕಳನ್ನು ನೋಡಿದರು. ಆಮೇಲೆ ವೇದಿಕೆಯ ಕಡೆ ನೋಡದೆ ಹೇಳಿದರು.

"ನನಗೆ ಗೊತ್ತುಂಟು. ನಾನು ಇದ್ದೆ."

"ಎಲ್ಲಿ ಇದ್ದದ್ದು?" ಎಂದರು ಬೆಳ್ಯಪ್ಪಣ್ಣ.

"ಇಂಥದ್ದೇ ಕ್ಯಾಬಿನ್ನಿನಲ್ಲಿ. ಹತ್ತೊಂಬತ್ತು ವರ್ಷವೂ."

ಆಯಿಶಮ್ಮ ಜೋರಾಗಿ ನಕ್ಕರು. "ಸಭೆಯಲ್ಲಿ ಗೆಲ್ಲಿಕ್ಕೆ ಎಂತೆಂತ ಹೇಳ್ತಾರೆ ನೋಡಿ ಇವರು! ಫ್ಲಾಟ್ ಇತ್ತಲ್ಲ, ಮೂರನೇ ಮಾಳಿಗೆಯಲ್ಲಿ?"

"ಫ್ಲಾಟ್ ಇರ್ಲಿಲ್ಲ ಆಯಿಶಾ."

ಪಂಚಾಯತಿನೊಳಗೆ ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಬರೆಯುವುದನ್ನು ನಿಲ್ಲಿಸಿದೆ. ನನಗೆ ಎದ್ದು ಹೊರಗೆ ಹೋಗಿಬಿಡಬೇಕು ಎನಿಸಿತು, ಬೇರೆಯವರ ಮನೆಯ ಒಳಕೋಣೆಗೆ ತಪ್ಪಿ ಹೊಕ್ಕ ಹಾಗೆ.

"ಆ ಸೋಫಾ ನಮ್ಮ ಅರಬಿ ಧಣಿಯದ್ದು" ಎಂದರು ಹೈದರಾಕ. "ಅವರ ಮನೆಯ ಕಾರ್ಪೆಟ್ ತೊಳಿಲಿಕ್ಕೆ ಹೋದಾಗ ಫೋಟೋ ತೆಗೆದದ್ದು. ಒಂದು ಫೋಟೋಕ್ಕೆ ಐದು ನಿಮಿಷ, ಬೇಗ ಕೂತು ಬೇಗ ಏಳ್ಬೇಕು. ನಾನೊಬ್ಬನೇ ಅಲ್ಲ. ನಮ್ಮ ಕ್ಯಾಬಿನ್ನಿನ ಆರು ಜನರ ಮನೆಯಲ್ಲೂ ಅದೇ ಸೋಫಾದ ಫೋಟೋ ಉಂಟು."

ಹಿಂದಿನ ಸಾಲಿನಲ್ಲಿದ್ದ ಆದಂ ಕುಂಞಿ, ಅವರೂ ಸೌದಿಯಿಂದ ಬಂದವರೇ, ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. ಅವರ ಪಕ್ಕದಲ್ಲಿದ್ದ ಮಗ ಫಾರಿಸ್ ತಂದೆಯ ಮುಖ ನೋಡಿದ. ಅವರ ಮನೆಯ ಫೋಟೋದಲ್ಲಿ ಯಾವ ಬಣ್ಣದ ಸೋಫಾ ಇದೆಯೋ ನನಗೆ ಗೊತ್ತಿಲ್ಲ.

ಅಧ್ಯಕ್ಷರು ಕೆಮ್ಮಿದರು. ಪಿಡಿಒ ಚಾ ತರಿಸೋಣವೇ ಎಂದು ಮೆಲ್ಲ ಕೇಳಿದರು. ಆಯಿಶಮ್ಮ ಮೇಜಿನ ಮೇಲಿನ ನೀರಿನ ಬಾಟ್ಲಿಯ ಮುಚ್ಚಳವನ್ನು ತಿರುಗಿಸುತ್ತಾ, ತಿರುಗಿಸುತ್ತಾ ಇದ್ದರು. ಅವರೀಗ ಎದ್ದು ಹೋಗುತ್ತಾರೆ, ಸಭೆ ಮುರಿಯುತ್ತದೆ, ಹದಿನೈದನೇ ತಾರೀಕಿಗೆ ಏಳು ಕುಟುಂಬ ಲಾರಿ ಹತ್ತುತ್ತವೆ ಎಂದೇ ನಾನು ಎಣಿಸಿದೆ.

ಅವರು ಮೈಕ್ ಹತ್ತಿರ ಎಳೆದುಕೊಂಡರು. ದನಿ ಮಾತ್ರ ಬೇರೆಯಾಗಿತ್ತು.

"ಅರ್ಜಿದಾರರು ಉತ್ತರ ಕೊಡ್ಬೇಕು. ಒಂದು ಕೋಣೆಗೆ ಎಷ್ಟು ಜನ?"

"ಆರು. ಮೇಲೆ ಕೆಳಗೆ ಮಂಚ. ನಾನು ಮೇಲೆ."

"ಎಸಿ ಇತ್ತಾ?"

"ಇತ್ತು. ಜನರೇಟರ್ ಇದ್ದಾಗ ತಿರುಗ್ತಿತ್ತು."

"ಇಲ್ಲದಾಗ?"

"ಗೋಣಿಚೀಲ ನೆನೆಸಿ ಮಾಡಿನ ಮೇಲೆ ಹಾಸ್ತಿದ್ದೆವು. ಆಮೇಲೆ ಖರ್ಜೂರದ ಗರಿಯ ಚಾಪೆ ಕಟ್ಟಿದೆವು, ಮಾಡಿಗೂ ಚಾಪೆಗೂ ನಡುವೆ ಒಂದು ಮೊಳ ಗಾಳಿ ಬಿಟ್ಟು. ಅದರಿಂದ ತುಂಬ ಉಪಕಾರ ಆಯ್ತು. ಇಲ್ಲಿ ತೆಂಗಿನ ಮಡಲು ಹಾಕ್ಬಹುದು. ಮಳೆ ಬಡಿಯುವ ಶಬ್ದವೂ ಕಡಿಮೆ ಆಗ್ತದೆ, ಮಕ್ಕಳು ನಿದ್ದೆ ಮಾಡ್ತಾರೆ."

"ಬಾಗಿಲು ಯಾವ ಕಡೆ ಇರ್ಬೇಕು?"

"ಎರಡೆರಡು ಕ್ಯಾಬಿನ್ ಎದುರುಬದುರು ಇಟ್ಟು ನಡುವೆ ಶೀಟ್ ಹಾಕ್ಬೇಕು. ಆಗ ಒಂದು ಜಗಲಿ ಆಗ್ತದೆ. ಜಗಲಿ ಇಲ್ಲದಿದ್ರೆ ಇರ್ಲಿಕ್ಕೆ ಕಷ್ಟ. ಕೂತು ಮಾತಾಡ್ಲಿಕ್ಕೆ ಒಂದು ಜಾಗ ಬೇಕು ಮನುಷ್ಯನಿಗೆ."

"ಕಿಟಕಿ ಒಂದು ಸಾಕಾ?"

"ಸಾಕಾಗುದಿಲ್ಲ. ಎದುರು ಗೋಡೆಯಲ್ಲಿ ಇನ್ನೊಂದು ಕೊಯ್ಯಬೇಕು. ನಮಗೆ ಕೊಯ್ಲಿಕ್ಕೆ ಬಿಡ್ಲಿಲ್ಲ."

ಇಷ್ಟು ಹೊತ್ತು ಗಂಡನ ಮುಖ ನೋಡದೆ ಕೇಳುತ್ತಿದ್ದ ಆಯಿಶಮ್ಮ ಆಗ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, "ಬರ್ಕೊ ನಿಖಿತಾ" ಎಂದರು. ಮಡಲಿನ ಮಾಡು, ಎರಡು ಕಿಟಕಿ, ನಡುವೆ ಜಗಲಿ, ಒಂದು ಕ್ಯಾಬಿನ್ನಿಗೆ ಒಂದೇ ಕುಟುಂಬ, ಎರಡು ವರ್ಷದ ಮೇಲೆ ಒಂದು ದಿನವೂ ಹೆಚ್ಚಾಗಬಾರದು. ಈ ಷರತ್ತುಗಳ ಮೇಲೆ ಅನುಮೋದಿಸುತ್ತೇನೆ ಎಂದು ಕೈ ಎತ್ತಿದರು. ಉಳಿದವರ ಕೈಗಳೂ ಎದ್ದವು. ವಾರಿಜಾಕ್ಷಿ ಅಳುತ್ತಾ ಕೂತಿದ್ದಳು, ಯಾರಿಗಾಗಿ ಅಳುತ್ತಿದ್ದಾಳೆ ಎಂದು ಅವಳಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಹೈದರಾಕ ಮೈಕ್ ಇಟ್ಟು, ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ನಡಾವಳಿ ಟೈಪ್ ಮಾಡುವಾಗ ನನಗೆ ಕಷ್ಟವಾಯಿತು. "ಅರ್ಜಿದಾರರು ತಮ್ಮ ಅನುಭವವನ್ನು ವಿವರಿಸಿದರು" ಎಂದು ಒಂದೇ ಸಾಲು ಹಾಕಿದೆ. ಕೋಳಿ ಫಾರ್ಮಿನ ಅರ್ಜಿ ಓದಿ ನಕ್ಕದ್ದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಹನ್ನೊಂದನೇ ತಾರೀಕಿಗೆ ಕ್ಯಾಬಿನ್‌ಗಳು ಬಂದವು. ಊರಿಗೆ ಊರೇ ಕ್ರೇನ್ ನೋಡಲು ನಿಂತಿತ್ತು. ಎರಡು ದಿನ ಗಂಡಸರೆಲ್ಲ ಸೇರಿ ಕಿಟಕಿ ಕೊಯ್ದರು, ಕಲ್ಲು ಕಟ್ಟಿ ಮಟ್ಟ ಮಾಡಿದರು. ಮಾಡಿಗೆ ಮಡಲು ಹಾಕುವ ಕೆಲಸ ಆರು ಕ್ಯಾಬಿನ್ನಿಗೆ ಮುಗಿದು, ಕೊನೆಯ ಎರಡು ಬಾಕಿಯಿದ್ದವು. ಹದಿಮೂರರ ಮಧ್ಯಾಹ್ನ ಮಳೆ ಬಿಟ್ಟು ಕಣ್ಣು ಬಿಡಲಾಗದಷ್ಟು ಬಿಸಿಲು. ನಾನು ಬೀಗದಕೈಗಳ ಗೊಂಚಲು ಹಿಡಿದುಕೊಂಡು ಹೈದರಾಕನ ಜೊತೆ ನಿಂತಿದ್ದೆ. ಆಯಿಶಮ್ಮ ಕೊಡೆ ಹಿಡಿದುಕೊಂಡು ಬಂದು, ಒಂದೊಂದೇ ಕ್ಯಾಬಿನ್ ನೋಡುತ್ತಾ ಹೋದರು. ಗಂಡನೊಡನೆ ಒಂದು ಮಾತಿಲ್ಲ. ಸಭೆಯ ದಿನದಿಂದಲೂ ಇಲ್ಲವಂತೆ, ಅವರ ಮಗಳು ಮುಹ್ಸಿನಾ ನನಗೆ ಫೋನಿನಲ್ಲಿ ಹೇಳಿದ್ದಳು.

ಮಡಲಿಲ್ಲದ ಏಳನೆಯದರ ಎದುರು ಅವರು ಕೊಡೆ ಮಡಚಿದರು. ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಕಿಟಕಿಗಳೂ ಒಂದೊಂದಾಗಿ ಮುಚ್ಚಿದ ಸದ್ದು ಕೇಳಿತು.

"ಬೇಡ ಆಯಿಶಾ, ಒಳಗೆ ಭಯಂಕರ ಬಿಸಿ ಉಂಟು" ಎಂದರು ಹೈದರಾಕ. ತಗಡಿಗೆ ಕೈ ಇಟ್ಟು ಥಟ್ಟನೆ ತೆಗೆದರು. "ಬಿಪಿ ಉಂಟು ಅವಳಿಗೆ, ನೀನಾದ್ರೂ ಹೇಳು ಮಗಳೇ" ಎಂದು ನನ್ನ ಕಡೆ ನೋಡಿದರು. ನಾನು ಎರಡು ಸಲ ಬಾಗಿಲು ಬಡಿದೆ. ಹತ್ತು ನಿಮಿಷವಾದರೂ ಆಗಿರಬೇಕು. ಹೈದರಾಕ ಬಾಗಿಲಿನ ಮುಂದೆ ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ ನಡೆಯುತ್ತಲೇ ಇದ್ದರು.

ಆಯಿಶಮ್ಮ ಹೊರಗೆ ಬಂದಾಗ ಮುಖವೆಲ್ಲ ಬೆವರು, ತಲೆವಸ್ತ್ರ ಹಣೆಗೆ ಅಂಟಿತ್ತು. ಅಳುತ್ತಿದ್ದರು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

"ಒಂದು ದಿನ ಹೇಳ್ಬಹುದಿತ್ತಲ್ಲ" ಎಂದರು. "ಪ್ರತಿ ಶುಕ್ರವಾರ ಫೋನ್ ಮಾಡ್ತಿದ್ರಿ. ಒಂದು ಶುಕ್ರವಾರ ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ ನಿಮಗೆ?"

"ಹೇಳಿದ್ರೆ ನೀನು ಬನ್ನಿ ಅಂತಿದ್ದೆ."

"ಅಂತಿದ್ದೆ. ಮತ್ತೆ?"

"ನೀನು ಬನ್ನಿ ಅಂದಿದ್ರೆ ನಾನು ಬಂದೇ ಬಿಡ್ತಿದ್ದೆ ಆಯಿಶಾ" ಎಂದರು ಹೈದರಾಕ. "ಅದಕ್ಕೇ ಹೇಳ್ಲಿಲ್ಲ."

ಆಯಿಶಮ್ಮ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕುಳಿತರು. ಪಕ್ಕದಲ್ಲಿ ಜಾಗ ಬಿಟ್ಟೇ ಕುಳಿತಿದ್ದರು. ಹೈದರಾಕ ಸ್ವಲ್ಪ ಹೊತ್ತು ನಿಂತುಕೊಂಡೇ ಇದ್ದರು, ಆಮೇಲೆ ಹೋಗಿ ಕುಳಿತರು.